ಕಾಲಿಂಚಿನ ಲೆಕ್ಕ

ತುಂಡು ಬಟ್ಟೆ ಜೋಡಿಸಿ ಕ್ವಿಲ್ಟ್ ಹೊಲಿಯಲು ಕೂತಿದ್ದೀರಾ? ಹೊಲಿಗೆಯಾಚೆ ಬಿಡುವ ಅಂಚು ಎಲ್ಲ ಕಡೆಯೂ ಕಾಲಿಂಚೇ ಇರಲಿ. ಎಳೆಯಷ್ಟು ಹೆಚ್ಚಾದರೇನು ಅನ್ನಬೇಡಿ. 1/16 ಇಂಚು ಹೆಚ್ಚಿದರೂ ಅದು ಎರಡೂ ತುಂಡಿನಿಂದ ಕಳೆಯುತ್ತದೆ; ಎಂಟು ಹೊಲಿಗೆ ಮುಗಿಯುವಷ್ಟರಲ್ಲಿ ಒಂದಿಂಚು ಅಗಲವೇ ಹೋಗಿರುತ್ತದೆ. ಮೊದಲು ಒಂದೂವರೆ ಇಂಚಿನ ಮೂರು ಪಟ್ಟಿ ಜೋಡಿಸಿ ಅಳೆಯಿರಿ. ನಡುವಿನದು ಸರಿಯಾಗಿ ಒಂದಿಂಚು ಕಾಣಬೇಕು. ಕಾಣದಿದ್ದರೆ ತಿದ್ದಿಕೊಂಡು, ಆಮೇಲೆ ಒಳ್ಳೆಯ ಬಟ್ಟೆಗೆ ಕೈಹಾಕಿ.

ಇನ್ನು ಇಸ್ತ್ರಿ. ಅಂಗಿಗೆ ಉಜ್ಜಿದಂತೆ ಎಳೆದಾಡಬೇಡಿ, ಓರೆಯಾಗಿ ಕತ್ತರಿಸಿದ ತುಂಡು ಹಿಗ್ಗಿಬಿಡುತ್ತದೆ. ಇಟ್ಟು ಒತ್ತಿ, ಎತ್ತಿ. ಮೊದಲು ಹೊಲಿಗೆಯ ಮೇಲೆ, ಆಮೇಲೆ ಅಂಚನ್ನು ಗಾಢ ಬಣ್ಣದ ಕಡೆ ಮಡಚಿ. ಪಕ್ಕಪಕ್ಕದ ಸಾಲುಗಳ ಅಂಚು ಎದುರುಬದುರು ದಿಕ್ಕಿಗೆ ಮಲಗಿದರೆ ಮೂಲೆಗಳು ತಾವಾಗಿ ಕೂಡಿಕೊಳ್ಳುತ್ತವೆ.