ಹೈನದ ಕಲಿಕೆಗಾಗಿ ಪರದೇಶದ ಒಕ್ಕಲು ಮನೆತನದಲ್ಲಿ ವಾಸ

ಒಕ್ಕಲುತನದ ವಿದ್ಯೆಯು ಪುಸ್ತಕದಿಂದ ಬರುವುದು ಕೊಂಚ. ಬಲ್ಲವರ ಸಂಗಡ ದುಡಿದು ಬರುವುದು ಬಹಳ. ಹೈನದ ವಿಷಯದಲ್ಲಿ ಈ ಮಾತು ಇನ್ನೂ ನಿಜವಾದುದು. ಕೆಚ್ಚಲನ್ನು ಹೇಗೆ ಹಿಡಿಯಬೇಕು, ಎಳೆಗರುವಿಗೆ ಯಾವಾಗ ಹಾಲುಣಿಸಬೇಕು ಎಂಬುದನ್ನು ನಸುಕಿನಲ್ಲೆದ್ದು ಕೊಟ್ಟಿಗೆಗೆ ಹೋಗುವ ಮನೆಯವರಿಂದಲೇ ಕಲಿಯಬೇಕು. ಈ ಕಾರಣದಿಂದ ತರುಣರನ್ನು ಪರದೇಶದ ಹೈನುಗಾರರ ಮನೆಗಳಲ್ಲಿ ಇರಿಸಿ ಕಲಿಸುವ ಪದ್ಧತಿಯು ಹುಟ್ಟಿತು. ಧಾರವಾಡ ತಾಲೂಕಿನ ಗರಗದಂಥ ಊರಿನಿಂದ ಮಕ್ಕಳನ್ನು ಕಳುಹಿಸಬೇಕೆನ್ನುವ ಭೂಮಾಲೀಕರು ಇದರ ಲಾಭವನ್ನೂ ತೊಡಕನ್ನೂ ಮೊದಲೇ ಅರಿತುಕೊಳ್ಳುವುದು ಯೋಗ್ಯವು.

ಪದ್ಧತಿಯ ಹುಟ್ಟು

ಅಮೆರಿಕದ ಹಳ್ಳಿಗಳಲ್ಲಿ ‘ಫೋರ್-ಎಚ್’ ಎಂಬ ಬಾಲಕ-ಬಾಲಕಿಯರ ಸಂಘಗಳುಂಟು. ತಲೆ, ಹೃದಯ, ಕೈ, ಆರೋಗ್ಯ ಎಂಬ ಅರ್ಥದ ನಾಲ್ಕು ಇಂಗ್ಲಿಷ್ ಶಬ್ದಗಳ ಮೊದಲಕ್ಷರದಿಂದ ಈ ಹೆಸರು ಬಂದಿದೆ. ಸಂಘದ ಹುಡುಗನು ಒಂದು ಕರುವನ್ನು ತನ್ನದೆಂದು ಸಾಕಿ, ಮೇವಿನ ಖರ್ಚನ್ನು ಬರೆದಿಟ್ಟು, ಜಾತ್ರೆಯಂಥ ಪ್ರದರ್ಶನದಲ್ಲಿ ಅದನ್ನು ಹಿಡಿದು ನಿಲ್ಲುತ್ತಾನೆ. ಎರಡನೆಯ ಮಹಾಯುದ್ಧದ ತರುವಾಯ, 1948ರಲ್ಲಿ, ಈ ಸಂಘಗಳ ಆಶ್ರಯದಲ್ಲಿ ಅಂತರರಾಷ್ಟ್ರೀಯ ಕೃಷಿ ಯುವಕರ ವಿನಿಮಯವು ಆರಂಭವಾಯಿತು. 1950ರ ದಶಕದಲ್ಲಿ ಭಾರತದ ತರುಣರೂ ಇದರಲ್ಲಿ ಸೇರಿದರು. ಅತಿಥಿಯು ವಸತಿಗೃಹದಲ್ಲಿ ಇರದೆ, ಒಂದರ ಬಳಿಕ ಒಂದರಂತೆ ಕೆಲವು ಒಕ್ಕಲು ಮನೆಗಳಲ್ಲಿ ಮನೆಯ ಮಗನಂತೆ ಇದ್ದು ದುಡಿಯಬೇಕೆಂಬುದೇ ಇದರ ಮುಖ್ಯ ನಿಯಮವಾಗಿತ್ತು.

ಯಾರನ್ನು ಕಳುಹಿಸಬೇಕು

ನಮ್ಮ ಕಡೆಗೆ ಎಮ್ಮೆ-ಆಕಳು ಹಿಂಡುವುದು, ಸೆಗಣಿ ತೆಗೆಯುವುದು, ಕರು ನೋಡುವುದು ಬಹುತರವಾಗಿ ಹೆಂಗಸರ ಪಾಲಿನ ಕೆಲಸ. ಆದರೆ ಕಲಿಯಲು ಕಳುಹಿಸುವಾಗ ಗಂಡುಮಗನನ್ನೇ ಆರಿಸುವ ರೂಢಿ. ಕೊಟ್ಟಿಗೆಯ ಒಳಹೊಕ್ಕು ತಿಳಿಯದವನು ಎಷ್ಟು ದೂರ ಹೋಗಿ ಬಂದರೂ ಮನೆಯ ಹೈನ ಹೆಚ್ಚುವುದಿಲ್ಲ. ಮಗನಾಗಲಿ ಮಗಳಾಗಲಿ, ಯಾರ ಕೈಗೆ ದನಗಳು ಒಗ್ಗಿಕೊಂಡಿವೆಯೋ ಅವರನ್ನೇ ಆರಿಸತಕ್ಕದ್ದು. ಹೋದವರ ಕೆಲಸವನ್ನು ಮುಂಗಾರು ಬಿತ್ತಿಗೆಯಲ್ಲಿಯೂ ಹಿಂಗಾರಿ ಬಿತ್ತಿಗೆಯಲ್ಲಿಯೂ ಯಾರು ಮಾಡುವರೆಂಬುದನ್ನು ಮನೆಯಲ್ಲಿ ಮೊದಲೇ ಗೊತ್ತುಪಡಿಸಬೇಕು.

ಖರ್ಚು ಯಾರದು, ಬೇನೆ ಬಂದರೆ ವಿಮೆ ಉಂಟೋ ಇಲ್ಲವೋ, ದಿನಕ್ಕೆ ಎಷ್ಟು ತಾಸು ಕೆಲಸ, ದೊರೆತ ವೀಸಾದಲ್ಲಿ ಕೂಲಿ ಪಡೆಯಲು ಅನುಮತಿಯುಂಟೋ—ಇವೆಲ್ಲವೂ ಕಾಗದದಲ್ಲಿ ಬರೆದು ಬಂದಿರಬೇಕು. ಇದಾವುದೂ ಇಲ್ಲದೆ ಹೊಲವನ್ನು ಒತ್ತೆಯಿಟ್ಟು ದಲಾಲರ ಕೈಗೆ ಹಣ ಕೊಡುವುದು ಕೆಟ್ಟ ವ್ಯವಹಾರವು.

ಒಯ್ಯಬಾರದ ವಸ್ತುಗಳು

ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ರೀತಿ. ಧಾರವಾಡದವರಿಗೆ ಮೊದಲು ನೆನಪಾಗುವುದು ಪೇಡೆ. ಆದರೆ ಕಾಲುಬಾಯಿ ಬೇನೆಯಿರುವ ದೇಶಗಳಿಂದ ಹಾಲಿನ ಪದಾರ್ಥಗಳನ್ನು ತರುವುದಕ್ಕೆ ಹೊರದೇಶಗಳಲ್ಲಿ ಕಟ್ಟುನಿಟ್ಟಿನ ನಿರ್ಬಂಧಗಳಿವೆ. ಈ ಬೇನೆಯು ಅಮೆರಿಕದಲ್ಲಿ 1929ರ ತರುವಾಯ ಕಾಣಿಸಿಕೊಂಡಿಲ್ಲ. ಬ್ರಿಟನ್ನಿನಲ್ಲಿ 2001ರಲ್ಲಿ ಅದು ಹಬ್ಬಿದಾಗ 60 ಲಕ್ಷಕ್ಕೂ ಮಿಕ್ಕಿ ದನ, ಕುರಿ, ಹಂದಿಗಳನ್ನು ಕೊಲ್ಲಬೇಕಾಯಿತು. ಬೇನೆಯ ವಿಷವು ಬಟ್ಟೆಗೂ ಕೆರವಿಗೂ ಅಂಟಿಕೊಂಡು ಹೋಗಬಲ್ಲದು. ಆದುದರಿಂದ ಕೊಟ್ಟಿಗೆಯಲ್ಲಿ ಮೆಟ್ಟಿದ ಕೆರವನ್ನು ಒಯ್ಯಬಾರದು. ಬಟ್ಟೆಗಳನ್ನು ಚೆನ್ನಾಗಿ ಒಗೆದಿರಬೇಕು. ತಾನು ದನಗಳ ನಡುವೆ ಇದ್ದು ಬಂದವನೆಂದು ಸುಂಕದ ಕಟ್ಟೆಯಲ್ಲಿ ಮುಚ್ಚಿಡದೆ ಹೇಳಬೇಕು. ಆ ದೇಶವನ್ನು ಮುಟ್ಟಿದ ಮೇಲೆ ಐದು ದಿನ ಅಲ್ಲಿಯ ದನಗಳ ಬಳಿ ಸುಳಿಯಬಾರದು. ಅತಿಥಿಯ ಅಜಾಗರೂಕತೆಯಿಂದ ಆತಿಥೇಯನ ಹಿಂಡೇ ಹಾಳಾಗಬಹುದು.

ಕಾಣಿಕೆಗೆ ಗರಗದ ಖಾದಿಯೇ ಉತ್ತಮವು. ಇಲ್ಲಿ 1954ರಲ್ಲಿ ಸ್ಥಾಪಿತವಾದ ಕ್ಷೇತ್ರೀಯ ಸೇವಾ ಸಂಘದ ಮಗ್ಗಗಳಲ್ಲಿ ರಾಷ್ಟ್ರಧ್ವಜದ ಬಟ್ಟೆಯು ನೇಯಲ್ಪಟ್ಟಿರುವುದನ್ನು ತಿಳಿಸಿ ಒಂದು ತುಂಡು ಅರಿವೆ ಕೊಟ್ಟರೆ ಊರಿನ ಪರಿಚಯವೂ ಆಗುವುದು.

ಆತಿಥೇಯರ ಮನೆಯಲ್ಲಿ ನಡತೆ

ನಮ್ಮಲ್ಲಿ ಅತಿಥಿಯು ಉಂಡ ತಾಟನ್ನು ತಾನೇ ತೊಳೆಯಹೋದರೆ ಮನೆಯವರಿಗೆ ಅವಮಾನವಾಗುವುದು. ಅಲ್ಲಿ ಆಳುಕಾಳಿನ ಬಳಕೆ ಕಡಿಮೆ. ತೊಳೆಯದೆ ಎದ್ದವನನ್ನು ಮೈಗಳ್ಳನೆಂದು ಬಗೆಯುವರು. ಹಿರಿಯರನ್ನು ಕಾಕಾ, ಅಜ್ಜಾ ಎಂದು ಕರೆದು ರೂಢಿಯಾದವನಿಗೆ ಅಲ್ಲಿಯವರು ಹಿರಿಯರನ್ನೂ ಹೆಸರಿನಿಂದ ಕರೆಯುವುದು ಉದ್ಧಟತನವೆಂದು ತೋರಬಹುದು; ಅದು ಅವರಲ್ಲಿ ಸಲಿಗೆಯ ಗುರುತು.

ಶಾಕಾಹಾರಿಯಾದವನು ಅದನ್ನು ಹೊರಡುವ ಮೊದಲೇ ಪತ್ರದಲ್ಲಿ ತಿಳಿಸಬೇಕು. ಊಟಕ್ಕೆ ಕುಳಿತಾಗ ಹೇಳಿದರೆ ಮನೆಯೊಡತಿಗೆ ಸಂಕಟ. ಹಾಲು ಬತ್ತಿದ ಆಕಳನ್ನೂ ಗಂಡುಕರುವನ್ನೂ ಅಲ್ಲಿ ಮಾಂಸಕ್ಕಾಗಿ ಮಾರುವುದುಂಟು. ತನ್ನ ಮನೆಯಲ್ಲಿ ಬಸವನನ್ನು ಪೂಜಿಸಿದ ಹುಡುಗನಿಗೆ ಇದರಿಂದ ಮನಸ್ಸು ನೋಯುವುದು ಸಹಜ. ಆ ಕೆಲಸದಿಂದ ತನ್ನನ್ನು ಬಿಡಬೇಕೆಂದು ವಿನಯದಿಂದ ಕೇಳಿಕೊಳ್ಳಬಹುದು. ಆದರೆ ಉಣ್ಣಲಿಕ್ಕಿದ ಮನೆಯವರನ್ನು ನಿಂದಿಸುವುದು ಸಲ್ಲದು.

ಕೊಟ್ಟಿಗೆಯಲ್ಲಿ ಕಲಿಯತಕ್ಕದ್ದು

ದೊಡ್ಡ ಯಂತ್ರಗಳನ್ನು ನೋಡಿ ಬೆರಗಾಗಿ ಬರುವುದರಿಂದ ಪ್ರಯೋಜನವಿಲ್ಲ. ಖರ್ಚಿಲ್ಲದೆ ಗರಗದಲ್ಲಿಯೂ ನಡೆಸಬಹುದಾದ ಸಂಗತಿಗಳ ಮೇಲೆ ಲಕ್ಷ್ಯವಿಡಬೇಕು.

1. ಹಿಂಡುವ ಕ್ರಮ. ಮೊಲೆಗಳನ್ನು ತೊಳೆದು, ಪ್ರತಿಯೊಂದು ದನಕ್ಕೆ ಬೇರೆ ಅರಿವೆಯಿಂದ ಒರಸಿ, ಮೊದಲ ಕೆಲವು ಸೆಳಕುಗಳನ್ನು ಬೇರೆ ಪಾತ್ರೆಯಲ್ಲಿ ತೆಗೆದು ನೋಡುವರು. ಗಡ್ಡೆ ಕಂಡರೆ ಕೆಚ್ಚಲು ಬಾವಿನ ಸೂಚನೆ. ಹಿಂಡಿದ ಮೇಲೆ ಮೊಲೆಗಳನ್ನು ಔಷಧದ ನೀರಿನಲ್ಲಿ ಅದ್ದುವರು.

2. ಗಿಣ್ಣದ ಹಾಲು. ನಮ್ಮಲ್ಲಿ ಗಿಣ್ಣವನ್ನು ಕಾಸಿ ನೆರೆಹೊರೆಗೆ ಹಂಚುವಾಗ ಕರುವಿನ ಪಾಲು ಕುಗ್ಗುವುದುಂಟು. ರೋಗವನ್ನು ತಡೆಯುವ ಶಕ್ತಿಯು ಎಳೆಗರುವಿಗೆ ಆ ಹಾಲಿನಿಂದಲೇ ಬರುವುದು. ಹುಟ್ಟಿದ ಮೊದಲ ಕೆಲವು ತಾಸುಗಳಲ್ಲಿಯೇ ಅದನ್ನು ಹೊಟ್ಟೆ ತುಂಬ ಕುಡಿಸಬೇಕು. ತಡವಾದಷ್ಟೂ ಅದರ ಗುಣವು ಕರುವಿಗೆ ಹತ್ತುವುದಿಲ್ಲ.

3. ದಫ್ತರ. ಬೆದೆಯು ಸುಮಾರು 21 ದಿನಗಳಿಗೊಮ್ಮೆ ಬರುವುದು. ಮುಂಜಾನೆ ಕಂಡರೆ ಸಂಜೆಗೆ ಗರ್ಭಧಾರಣೆ ಮಾಡಿಸಬೇಕು. ಆಕಳು ಸುಮಾರು 280 ದಿನ, ಎಮ್ಮೆ ಸುಮಾರು 310 ದಿನ ಗಬ್ಬವಿರುವುದು. ಈಯುವ ಎರಡು ತಿಂಗಳ ಮೊದಲು ಹಿಂಡುವುದನ್ನು ಬಿಡಬೇಕು. ಬರೆದಿಡದವನಿಗೆ ಇವುಗಳಲ್ಲಿ ಒಂದೂ ನೆನಪಿರುವುದಿಲ್ಲ.

4. ರಸಮೇವು. ಹಗೇವಿನಲ್ಲಿ ಕಾಳು ಕೆಡದಂತೆ ಇಡುವುದನ್ನು ಬಲ್ಲ ನಮ್ಮವರಿಗೆ ಇದು ತಿಳಿಯುವುದು ಸುಲಭ. ಹಸಿ ಗೋವಿನಜೋಳ ಇಲ್ಲವೆ ಜೋಳವನ್ನು ಕತ್ತರಿಸಿ, ತಗ್ಗಿನಲ್ಲಿ ಗಾಳಿಯಿರದಂತೆ ತುಳಿದು ಮುಚ್ಚಿದರೆ ಅದು ಹುಳಿಗೊಂಡು ಕೆಡದೆ ನಿಂತು, ಬೇಸಿಗೆಯಲ್ಲಿ ಕಣಿಕೆಯ ಜೊತೆಗೆ ಹಸಿಮೇವಿನ ಕೊರತೆಯನ್ನು ನೀಗಿಸುವುದು.

ತಳಿಯ ವಿಷಯದಲ್ಲಿ ಆತುರ ಸಲ್ಲದು. ಚಳಿನಾಡಿನ ಹೋಲ್‌ಸ್ಟೈನ್ ಆಕಳು ಅಲ್ಲಿ ಕೊಟ್ಟಷ್ಟು ಹಾಲನ್ನು ನಮ್ಮ ಬಿಸಿಲಿನಲ್ಲಿ ಕೊಡಲಾರದು. ಮಿಶ್ರ ತಳಿ ಬೇಕಾದವರಿಗೆ ಪಶುವೈದ್ಯರ ಮೂಲಕ ವೀರ್ಯದ ಸೌಕರ್ಯವುಂಟು. ನಮ್ಮ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯೆಂದು ರಾಷ್ಟ್ರೀಯ ಮನ್ನಣೆ ದೊರೆತಿದೆ; ಪೇಡೆಗೆ ಹೆಸರು ತಂದುದು ಅದರ ಹಾಲೇ. ಪರದೇಶದ ಶಿಸ್ತನ್ನು ಈ ಎಮ್ಮೆಯ ಪಾಲನೆಗೆ ತಂದರೆ ಪ್ರಯಾಣವು ಸಾರ್ಥಕವಾಗುವುದು.

ಮರಳಿ ಬಂದ ಮೇಲೆ

ಕಲಿತು ಬಂದವನು ಎಲ್ಲವನ್ನೂ ಒಮ್ಮೆಲೆ ಬದಲಿಸಹೋದರೆ ಮನೆಯವರು ಬೇಸತ್ತು ಹಳೆಯ ದಾರಿಗೆ ಮರಳುವರು. ಒಂದು ಸುಧಾರಣೆಯನ್ನು ಮಾಡಿ, ಒಂದು ತಿಂಗಳ ಹಾಲಿನ ಅಳತೆಯನ್ನು ಬರೆದು, ತಾಯಿಗೂ ಅತ್ತಿಗೆಗೂ ತೋರಿಸಿ, ಬಳಿಕ ಎರಡನೆಯದಕ್ಕೆ ಕೈ ಹಾಕಬೇಕು. ಲಸಿಕೆಗಳನ್ನು ಕಾಲಕಾಲಕ್ಕೆ ಹಾಕಿಸಬೇಕು: ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ, ಕಂದು ಹಾಕುವ ಬೇನೆಗೆ ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ.

ಊರ ಗೌಡರೂ ಹಿರಿಯರೂ ಮರಳಿ ಬಂದವರನ್ನು ಹಾರ ಹಾಕಿ ಮರೆತುಬಿಡದೆ, ಅವರ ಕೊಟ್ಟಿಗೆಯನ್ನು ಊರಿನ ಪಾಠಶಾಲೆಯನ್ನಾಗಿ ಮಾಡಬೇಕು. ಎಲ್ಲರೂ ಪರದೇಶಕ್ಕೆ ಹೋಗಲಾರರು. ಆದರೆ ಪ್ರತಿಯೊಂದು ಒಕ್ಕಲು ಮನೆಯವರು ತಮ್ಮ ಹುಡುಗನಿಗೋ ಹುಡುಗಿಗೋ ಒಂದು ಕರುವನ್ನೂ ಒಂದು ವಹಿಯನ್ನೂ ಕೊಟ್ಟು, ಅದು ಮಣಕವಾಗಿ ಈಯುವವರೆಗೆ ಲೆಕ್ಕ ಬರೆಯಿಸಬಹುದು. ಇದಕ್ಕೆ ವೀಸಾ ಬೇಡ, ಹಣವೂ ಬೇಡ. ಮುಂದಿನ ಸೋಮವಾರದಿಂದಲೇ ಆರಂಭಿಸಬಹುದು.