ಮೂರು ವರ್ಷದ ದುಡಿಮೆಗೆ ಒಂದೇ ಸಾಲೇ?

ನೀವು ಕಳಿಸಿದ ಬಯೋಡೇಟಾವನ್ನು ಎರಡು ಸಲ ಓದಿದೆ. ‘ಹಾರ್ಡ್‌ವರ್ಕಿಂಗ್’, ‘ಡೈನಾಮಿಕ್’, ‘ಟೀಮ್ ಪ್ಲೇಯರ್’ ಎಂದು ಶುರುವಿನಲ್ಲೇ ಬರೆದಿದ್ದೀರಿ. ಎಲ್ಲರೂ ಬರೆಯುವ ಮಾತಿದು, ಆರಿಸುವವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ನಿಮ್ಮ ನಿಜವಾದ ಕೆಲಸ ಮಾತ್ರ ಕೊನೆಯಲ್ಲಿ, ‘ರೆಸ್ಪಾನ್ಸಿಬಲ್ ಫಾರ್ ಅಕೌಂಟ್ಸ್’ ಎಂಬ ಒಂದೇ ಸಾಲಿನಲ್ಲಿ ಮುದುಡಿ ಕೂತಿದೆ. ನನಗೆ ಬೇಸರವಾಗಿದ್ದು ಅಲ್ಲೇ.

ಪತ್ರದಲ್ಲಿ ನೀವೇ ಹೇಳಿದ್ದೀರಿ: ಹಾರ್ಡ್‌ವೇರ್ ಅಂಗಡಿಯ ಕೈಬರಹದ ಲೆಕ್ಕವನ್ನೆಲ್ಲ ಟ್ಯಾಲಿಗೆ ತಂದವರು ನೀವು. ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ ಸಲ್ಲಿಸಿದ್ದೀರಿ, ಒಮ್ಮೆಯೂ ತಡವಾಗಿಲ್ಲ. ಬರೆಯಬೇಕಾದದ್ದು ಇದನ್ನೇ ಅಲ್ಲವೇ! ಆ ಸಾಲನ್ನು ಹೀಗೆ ತಿದ್ದಿ: ‘36 ತಿಂಗಳ ಜಿಎಸ್‌ಟಿ ರಿಟರ್ನ್‌ಗಳನ್ನು ಗಡುವಿನೊಳಗೆ ಸಲ್ಲಿಸಿದ್ದೇನೆ, ಒಂದು ರೂಪಾಯಿಯೂ ವಿಳಂಬ ಶುಲ್ಕ ಬಿದ್ದಿಲ್ಲ.’ ಇಂಗ್ಲಿಷಿನಲ್ಲಿ ಬರೆಯುವಾಗ ಸಾಲು ‘ಫೈಲ್ಡ್’, ‘ಪ್ರಿಪೇರ್ಡ್’, ‘ರಿಕನ್ಸೈಲ್ಡ್’ ಎಂಬ ಕ್ರಿಯಾಪದದಿಂದಲೇ ಶುರುವಾಗಲಿ. ತಿಂಗಳಿಗೆ ಎಷ್ಟು ಬಿಲ್ ಎಂಬುದನ್ನೂ ಸೇರಿಸಿ, ಆದರೆ ಅಂದಾಜು ಬೇಡ, ಟ್ಯಾಲಿಯ ಡೇ ಬುಕ್ ತೆರೆದು ಎಣಿಸಿ.

‘ಲೆಡ್’ ಎಂದು ಹಾಕಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಒಬ್ಬರೇ ಕೂತು ಮಾಡಿದ ಕೆಲಸಕ್ಕೆ ಆ ಪದ ಹಾಕಿದರೆ, ‘ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದರು?’ ಎಂದು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಜಾಹೀರಾತಿನಲ್ಲಿ ‘ಬ್ಯಾಂಕ್ ರಿಕನ್ಸಿಲಿಯೇಷನ್’ ಅಂತಿದ್ದು, ನೀವು ಅದನ್ನು ಮಾಡಿದ್ದರೆ, ಅದೇ ಪದವನ್ನೇ ಬಳಸಿ. ದೊಡ್ಡ ಕಂಪನಿಗಳಲ್ಲಿ ಮೊದಲು ಕಂಪ್ಯೂಟರೇ ಪದ ಹುಡುಕುವುದುಂಟು.

ತಿದ್ದಿದ ಪ್ರತಿ ಕಳಿಸಿ, ಇನ್ನೊಮ್ಮೆ ನೋಡುತ್ತೇನೆ.