ಹಳಿಯ ಬಂಡಿಯೂ ಅಯಸ್ಕಾಂತದ ಬಂಡಿಯೂ

ಜಾಲಹಳ್ಳಿಯವರು ರೈಲು ಹತ್ತಬೇಕಾದರೆ ಮೊದಲು ಬಸ್ಸಿನಲ್ಲಿ ರಾಯಚೂರು ಸೇರಬೇಕು. ಆ ನಿಲ್ದಾಣದ ಹಿರಿಮೆಯನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಅರಿಯರು. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಯೂ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ಕೂಡಿಕೊಂಡದ್ದು ಅಲ್ಲಿಯೇ. ಕಂಪನಿಗಳು ಬೇರೆಯಾದರೂ ಹಳಿಗಳ ನಡುವಣ ಅಂತರ ಒಂದೇ, ಐದೂವರೆ ಅಡಿ. ಆದುದರಿಂದ ಒಂದರ ಬಂಡಿ ಇನ್ನೊಂದರ ಮೇಲೆ ಓಡಬಹುದಾಗಿತ್ತು. ಹುಬ್ಬಳ್ಳಿಯ ಕಡೆಯ ಹಳಿಯಾದರೋ ಬಹುಕಾಲ ಮೀಟರ್ ಗೇಜಿನದು. ಅಲ್ಲಿಂದ ಬಂದವರು ಗುಂತಕಲ್ಲಿನಲ್ಲಿ ಗಂಟುಮೂಟೆ ಇಳಿಸಿ ಬೇರೆ ಗಾಡಿ ಹತ್ತುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. ಅತಿವೇಗದ ಪ್ರಯಾಣಕ್ಕೆ ಹಳಿ ಲೇಸೋ, ಅಯಸ್ಕಾಂತದ ಬಲದಿಂದ ತೇಲುವ ಬಂಡಿ ಲೇಸೋ ಎಂದು ತೂಗುವಾಗ ಈ ಸಂಗತಿ ಗಮನದಲ್ಲಿರಬೇಕು.

ಅಯಸ್ಕಾಂತವೆಂದರೆ ಕಬ್ಬಿಣದ ಕಾಂತ, ಅರ್ಥಾತ್ ಪ್ರಿಯ. ಜರ್ಮನರ ಪದ್ಧತಿಯಲ್ಲಿ ಈ ಪ್ರೀತಿಯೇ ತೊಡಕು. ಬಂಡಿಯ ವಿದ್ಯುತ್ಕಾಂತಗಳು ಮಾರ್ಗದ ಕಬ್ಬಿಣದತ್ತ ಕೆಳಗಿನಿಂದ ಸೆಳೆಯಲ್ಪಟ್ಟು ಬಂಡಿಯನ್ನು ಎತ್ತಿ ಹಿಡಿಯುತ್ತವೆ. ಸಮೀಪಿಸಿದಷ್ಟೂ ಸೆಳೆತ ಹೆಚ್ಚುವುದರಿಂದ, ಸುಮಾರು ಒಂದು ಸೆಂಟಿಮೀಟರಿನ ಎಡೆ ಉಳಿಯುವಂತೆ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆ ಮಾಡುತ್ತಿರಬೇಕು. ಜಪಾನೀಯರ ಬಂಡಿ ಅತಿಶೀತದಲ್ಲಿಟ್ಟ ಅತಿವಾಹಕ ಕಾಂತಗಳಿಂದ ಸುಮಾರು ಹತ್ತು ಸೆಂಟಿಮೀಟರ್ ಮೇಲೇಳುತ್ತದೆ. ಸಾಕಷ್ಟು ವೇಗ ಬರುವವರೆಗೆ ಅದೂ ರಬ್ಬರ್ ಗಾಲಿಗಳನ್ನೇ ನೆಚ್ಚಿಕೊಂಡಿದೆ. ತೇಲಿದ ಮೇಲೆ ಗಾಲಿ ಸವೆಯುವ, ಏರಿನಲ್ಲಿ ಜಾರುವ ಚಿಂತೆಯಿಲ್ಲವೆಂಬುದು ನಿಜವಾದ ಲಾಭವೇ ಸರಿ.

ವೇಗದ ಮಾತು. 2015ರಲ್ಲಿ ಜಪಾನಿನ ತೇಲುಬಂಡಿ ಪರೀಕ್ಷೆಯಲ್ಲಿ ಗಂಟೆಗೆ 603 ಕಿಲೋಮೀಟರ್ ಮುಟ್ಟಿತು. ಫ್ರಾನ್ಸಿನ ಉಕ್ಕಿನ ಗಾಲಿಯ ಬಂಡಿ 2007ರಲ್ಲಿಯೇ 574.8 ಮುಟ್ಟಿತ್ತು! ಆ ವೇಗದಲ್ಲಿ ಎರಡಕ್ಕೂ ಮುಖ್ಯ ವೈರಿ ಗಾಳಿಯ ತಡೆ. ವೇಗ ಇಮ್ಮಡಿಸಿದರೆ ಅದು ನಾಲ್ಮಡಿಸುತ್ತದೆ. ನಿತ್ಯ ಸಂಚಾರದ ಲೆಕ್ಕ ಬೇರೆ. ಅಲ್ಲಿ ಹಳಿಯ ಬಂಡಿಗೆ 300, ತೇಲುಬಂಡಿಗೆ 500 ಎಂದು ಹಿಡಿಯೋಣ. ರಾಯಚೂರಿನಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ನಿಲುಗಡೆಗಳನ್ನು ಬಿಟ್ಟರೆ ಮೊದಲನೆಯದಕ್ಕೆ 80 ನಿಮಿಷ, ಎರಡನೆಯದಕ್ಕೆ 48. ಉಳಿದ 32 ನಿಮಿಷ ರಾಯಚೂರಿನಲ್ಲಿ ಜಾಲಹಳ್ಳಿಯ ಬಸ್ಸು ಕಾಯುವುದರಲ್ಲಿಯೇ ಕಳೆದೀತು.

ತೇಲುಬಂಡಿ ಹಳೆಯ ಹಳಿಯ ಮೇಲೆ ಬರಲಾರದು. ಅದಕ್ಕೆ ಮೊದಲಿನಿಂದ ಕೊನೆಯವರೆಗೆ ಹೊಸ ಮಾರ್ಗವೇ ಬೇಕು. ಶಾಂಘೈ ನಗರದ ವಿಮಾನ ನಿಲ್ದಾಣದಿಂದ ಹೊರಡುವ ತೇಲುಬಂಡಿ 30 ಕಿಲೋಮೀಟರಿಗೆ ಮುಗಿದು, ಪ್ರಯಾಣಿಕರು ಊರೊಳಗೆ ಹೋಗಲು ಮೆಟ್ರೋ ಹತ್ತಬೇಕಾಗುತ್ತದೆ: ಗುಂತಕಲ್ಲಿನ ಅದೇ ಪಾಡು. ಫ್ರಾನ್ಸಿನ ಬಂಡಿಯಾದರೋ ಹೊಸ ಮಾರ್ಗದಲ್ಲಿ ಧಾವಿಸಿ, ಅನಂತರ ಹಳೆಯ ಹಳಿಗಿಳಿದು ಸಣ್ಣ ಊರುಗಳನ್ನೂ ಮುಟ್ಟಬಲ್ಲುದು. ಹಾಗೆಂದು ಹಳಿಯ ಪಕ್ಷವೂ ನಿರ್ದೋಷಿಯಲ್ಲ. 508 ಕಿಲೋಮೀಟರಿನ ಮುಂಬಯಿ–ಅಹಮದಾಬಾದ್ ಅತಿವೇಗದ ಮಾರ್ಗಕ್ಕೆ ಆಯ್ದ ಅಂತರ 1,435 ಮಿಲಿಮೀಟರ್, ನಮ್ಮ ಬ್ರಾಡ್ ಗೇಜಿನದು 1,676. ಆ ಬಂಡಿಯೂ ತನ್ನ ಹಳಿ ಬಿಟ್ಟು ಹೊರಬರಲಾರದು.

2024ರ ಮಾರ್ಚಿನಲ್ಲಿ ಕಲಬುರಗಿ–ಬೆಂಗಳೂರು ವಂದೇ ಭಾರತ್ ಆರಂಭವಾಯಿತು. ವೇಗದಲ್ಲಿ ಇವೆಲ್ಲಕ್ಕಿಂತ ಬಹಳ ಹಿಂದಿನದು. ಆದರೆ ಅದು ಓಡುವುದು 1871ರಲ್ಲಿ ಕೂಡಿದ ಆ ದಾರಿಯಲ್ಲಿ, ಮತ್ತು ರಾಯಚೂರಿನಲ್ಲಿ ನಿಂತು ನಮ್ಮವರನ್ನು ಹತ್ತಿಸಿಕೊಂಡು ಹೋಗುತ್ತದೆ.